ಕಲ್ಗೋರಿ ನೋಡಲು ಎಲ್ಲಿಗೆ? ಐಹೊಳೆ, ಹಿರೇಬೆಣಕಲ್, ಬ್ರಹ್ಮಗಿರಿ

ಒಂದೇ ದಿನ ಕೈಯಲ್ಲಿದ್ದರೆ ಹಿರೇಬೆಣಕಲ್. ಸಮಾಧಿಯನ್ನು ಹೇಗೆ ಕಟ್ಟಿದರು ಎಂಬುದು ತಲೆಗೆ ಹತ್ತಬೇಕಾದರೆ ಮೊದಲು ಐಹೊಳೆ, ಕೊನೆಗೆ ಬ್ರಹ್ಮಗಿರಿ. ಮೂರೂ ಬೃಹತ್ ಶಿಲಾ ಸಮಾಧಿಗಳ ನೆಲೆಗಳೇ ಆದರೂ ಅಲ್ಲಲ್ಲಿಯ ಕಲ್ಲಿಗೆ ತಕ್ಕಂತೆ ಕಟ್ಟಡ ಬೇರೆಯಾಗಿದೆ.

ಐಹೊಳೆಯದು ಮರಳುಗಲ್ಲು, ಪದರಪದರವಾಗಿ ಏಳುತ್ತದೆ. ಮೇಗುತಿ ಜಿನಾಲಯದವರೆಗೆ ಮೆಟ್ಟಿಲಿದೆ. ಅದರ ಹಿಂಬದಿಯ ಬಯಲಿನಲ್ಲಿ ಕಲ್ಗೋರಿಗಳಿವೆ. ನೆಟ್ಟ ಚಪ್ಪಡಿ, ಮೇಲೊಂದು ಮುಚ್ಚುಗಲ್ಲು, ಎದುರಿನ ಕಲ್ಲಿನಲ್ಲಿ ದುಂಡು ಕಿಂಡಿ: ಇಡೀ ರಚನೆ ಒಂದೇ ನೋಟಕ್ಕೆ ಸಿಗುತ್ತದೆ. ಎರಡು ಗಂಟೆ ಸಾಕು. ಜಿನಾಲಯದಲ್ಲಿರುವ ರವಿಕೀರ್ತಿಯ ಶಾಸನ (ಕ್ರಿ.ಶ. 634) ಓದಿ ಹಿಂದಿರುಗುವವರೇ ಹೆಚ್ಚು. ಅದಕ್ಕಿಂತ ನೂರಾರು ವರ್ಷ ಹಳೆಯದು ಬೆನ್ನ ಹಿಂದೆಯೇ ಇದೆ ಎಂಬುದು ಅವರಿಗೆ ತಿಳಿಯುವುದೇ ಇಲ್ಲ.

ಗಂಗಾವತಿ ಬಳಿಯ ಹಿರೇಬೆಣಕಲ್ ಗ್ರಾನೈಟ್ ಗುಡ್ಡ. ಸುಮಾರು 400 ರಚನೆಗಳು, ಊರವರ ಮಾತಿನಲ್ಲಿ ಮೋರ್ಯರ ಮನೆಗಳು. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಆಳೆತ್ತರ ಮೀರಿದ ಕೋಣೆಗಳು ಬರಿ ಬಂಡೆಯ ಮೇಲೆ ನಿಂತಿವೆ. ಕಲ್ಲು ನೆಡಲು ಗುಂಡಿ ತೋಡುವಂತಿಲ್ಲವಾದ್ದರಿಂದ ಚಪ್ಪಡಿಗಳು ಒಂದಕ್ಕೊಂದು ಆತು, ಬುಡದ ಸಣ್ಣ ಕಲ್ಲುಗಳ ಆಸರೆಯಲ್ಲಿ ನಿಂತಿರುತ್ತವೆ. ಆ ಸಣ್ಣ ಕಲ್ಲು ಜರುಗಿದರೆ ಗೋಡೆ ವಾಲುತ್ತದೆ, ಮುಚ್ಚುಗಲ್ಲು ಜಾರುತ್ತದೆ. ಹಾಗಾಗಿ ಒಳಗೆ ತೂರಬೇಡಿ, ಮೇಲೆ ಹತ್ತಿ ಕೂರಬೇಡಿ, ಬುಡದ ಕಲ್ಲನ್ನಂತೂ ಮುಟ್ಟಲೇಬೇಡಿ. ಹತ್ತಲು ಒಂದೂವರೆ ಗಂಟೆ ಇಟ್ಟುಕೊಳ್ಳಿ. ತಲಾ 3 ಲೀಟರ್ ನೀರು, ಮುಳ್ಳು ತಡೆಯುವ ಬೂಟು, ಊರಿನವರೊಬ್ಬರು ಜೊತೆಗಿರಲಿ. ಕುರುಚಲಿನಲ್ಲಿ ಕಾಲುದಾರಿಗಳು ಕವಲೊಡೆದು ದಿಕ್ಕು ತಪ್ಪುವುದು ಸಾಮಾನ್ಯ, ಕರಡಿಯ ಭಯವೂ ಉಂಟು. ಬೆಳಗ್ಗೆ 6ಕ್ಕೇ ಹೊರಟರೆ ಎಳೆಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬಿದ್ದು ಕಿಂಡಿಯ ಅಂಚಿನ ಕುಟ್ಟುಗುರುತು ಎದ್ದು ಕಾಣುತ್ತದೆ. ನೆತ್ತಿಯ ಬಿಸಿಲಲ್ಲಿ ಎಲ್ಲವೂ ಚಪ್ಪಟೆ. ಬಂಡೆಯ ನೆತ್ತಿಯಲ್ಲಿರುವ ನಗಾರಿಯಂತಹ ಅರ್ಧಗೋಳ ಕಲ್ಲು ಬಡಿದರೆ ದೂರದವರೆಗೂ ದನಿ ಕೇಳುತ್ತದೆ; ಕಲ್ಲಿನಿಂದ ಕುಟ್ಟಿ ಪರೀಕ್ಷಿಸಿದರೆ ಅದರ ಮೈ ಚಕ್ಕೆ ಏಳುತ್ತದೆ. ನೋಡಿ ಬಿಟ್ಟುಬಿಡಿ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಮೊದಲ ನೋಟಕ್ಕೆ ನಿರಾಸೆ ತರುತ್ತದೆ. ನೆಲದ ಮೇಲೆ ಕಾಣುವುದು ಗುಂಡುಕಲ್ಲುಗಳ ವೃತ್ತ ಮಾತ್ರ. ಮುಖ್ಯವಾದದ್ದು ಮಣ್ಣಿನಡಿ ಇರುವ ಕಲ್ಲುಪೆಟ್ಟಿಗೆ. ಮೂರರಲ್ಲಿ ಅತಿ ಜಾಣತನದ ಕಟ್ಟಡ ಇದೇ. ನಾಲ್ಕು ಚಪ್ಪಡಿಗಳನ್ನು ಮೂಲೆಗೆ ಮೂಲೆ ಸೇರಿಸದೆ, ಪ್ರತಿಯೊಂದರ ಒಂದು ತುದಿ ಪಕ್ಕದ ಚಪ್ಪಡಿಯನ್ನು ದಾಟಿ ಚಾಚುವಂತೆ, ಸ್ವಸ್ತಿಕದ ಹಾಗೆ ನಿಲ್ಲಿಸಿದ್ದಾರೆ. ಹೊರಗಿನ ಮಣ್ಣು ಒತ್ತಿದಷ್ಟೂ ಒಂದು ಕಲ್ಲು ಇನ್ನೊಂದಕ್ಕೆ ಬಿಗಿಯಾಗುತ್ತದೆ, ಒಳಕ್ಕೆ ಬೀಳುವುದಿಲ್ಲ. ಕಿಂಡಿ ಸಾಮಾನ್ಯವಾಗಿ ಪೂರ್ವದ ಚಪ್ಪಡಿಯಲ್ಲಿ. ಎಲುಬು, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು ಒಳಗಿರುತ್ತಿದ್ದವು.

ಇವನ್ನು ನವಶಿಲಾಯುಗದವು ಎನ್ನುವ ತಪ್ಪನ್ನು ತಿದ್ದುವ ಜಾಗವೂ ಇದೇ. ಐರ್ಲೆಂಡಿನ ಪೌಲ್ನಬ್ರೋನ್ ಕಲ್ಗೋರಿ ನವಶಿಲಾಯುಗದ್ದು ನಿಜ. ಆದರೆ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆದಾಗ ಉಜ್ಜಿದ ಕಲ್ಲುಗೊಡಲಿಗಳ ನವಶಿಲಾಯುಗದ ಜನರ ಪದರ ಕೆಳಗೆ, ಬೃಹತ್ ಶಿಲಾ ಜನರದು ಅದರ ಮೇಲೆ ಸಿಕ್ಕಿತು. ನಮ್ಮಲ್ಲಿ ಈ ಸಮಾಧಿಗಳು ಹೆಚ್ಚಾಗಿ ಕಬ್ಬಿಣ ಬಂದ ಮೇಲಿನವು.

ಬ್ರಹ್ಮಗಿರಿಯಲ್ಲಿ ವೃತ್ತ ಗುರುತಿಸಲು ಒಂದು ಉಪಾಯ: ಸುಗ್ಗಿ ಮುಗಿದು ಹುಲ್ಲು ಒಣಗಿದ ಮೇಲೆ ಹೋಗಿ. ಒಂದು ಗುಂಡುಕಲ್ಲು ಸಿಕ್ಕರೆ ಅದರಿಂದ ಬಾಗಿದ ಸಾಲನ್ನು ಹಿಡಿದು ನಡೆಯಿರಿ, ಹೆಜ್ಜೆ ಎಣಿಸಿ ವ್ಯಾಸ ಬರೆದುಕೊಳ್ಳಿ. ಸಾಲು ಬಾಗದೆ ನೇರ ಹೋದರೆ ಅದು ಹೊಲದ ಬದು. ನಡುವೆ ಹೊಸ ಮಣ್ಣಿನ ಗುಂಡಿ ಕಂಡರೆ ನಿಧಿಗಳ್ಳರ ಕೆಲಸವಿರಬಹುದು. ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿ, ಗುಂಡಿಗೆ ಇಳಿಯಬೇಡಿ.