ಎಕ್ಸ್‌ಪಲ್ಸ್ 200ರ ಮುಂದಿನ ಫೋರ್ಕ್: ದಪ್ಪ ಆಯಿಲ್, ಪೈಪ್ ತುಂಡು, ಗಟ್ಟಿ ಸ್ಪ್ರಿಂಗ್ ಮತ್ತು ರ್‍ಯಾಲಿ ಸಸ್ಪೆನ್ಶನ್

ಹೀರೋ ಎಕ್ಸ್‌ಪಲ್ಸ್ 200 ಇಟ್ಟುಕೊಂಡವರು ಗುಂಡಿ, ಕಲ್ಲು, ಘಾಟಿ ಅಂತ ಓಡಿಸಲು ಶುರು ಮಾಡಿದ ಮೇಲೆ ಒಂದಲ್ಲ ಒಂದು ದಿನ ಈ ಮಾತು ಬರುತ್ತದೆ: ಮುಂದಿನ ಫೋರ್ಕ್ (ಮುಂದಿನ ಚಕ್ರ ಹಿಡಿದಿರುವ, ಕುಗ್ಗಿ ಏಳುವ ಎರಡು ಕಾಲು) ತುಂಬಾ ಮೆತ್ತಗಿದೆ, ಬ್ರೇಕ್ ಹಿಡಿದರೆ ಮೂಗು ಕುಕ್ಕುತ್ತದೆ. ಗ್ಯಾರೇಜಿನಲ್ಲಿ ಕೇಳಿದರೆ ಉತ್ತರ ರೆಡಿ ಇರುತ್ತದೆ. "ಸರ್, ಫೋರ್ಕ್‌ಗೆ 20 ಗ್ರೇಡ್ ದಪ್ಪ ಆಯಿಲ್ ಹಾಕ್ಬಿಡಿ, ಗಟ್ಟಿ ಆಗುತ್ತೆ."

ಗಟ್ಟಿ ಆಗುತ್ತದೆ, ನಿಜ. ಆದರೆ ಯಾವುದು ಗಟ್ಟಿ ಆಗಬೇಕಿತ್ತೋ ಅದು ಆಗುವುದಿಲ್ಲ. ಇದನ್ನು ಬಾಯಿಮಾತಿಗೆ ಹೇಳುತ್ತಿಲ್ಲ. ನನ್ನ 4ವಿ (ನಾಲ್ಕು ವಾಲ್ವ್ ಎಂಜಿನ್ನಿನ ಎಕ್ಸ್‌ಪಲ್ಸ್ 200) ಬೈಕಿನಲ್ಲಿ ಒಂದೊಂದೇ ಬದಲಾವಣೆ ಮಾಡಿ, ಪ್ರತಿ ಸಲ ಅದೇ ದಾರಿಯಲ್ಲಿ ಓಡಿಸಿ ನೋಡಿದ್ದೇನೆ. ಮೂಡಿಗೆರೆಯಿಂದ ಕೊಟ್ಟಿಗೆಹಾರ, ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ. ವಾಪಸ್ ಬಂದು ತೋಟದ ಕಲ್ಲುದಾರಿ. ಘಾಟಿಯಲ್ಲಿ ಬ್ರೇಕ್ ಹಿಡಿದಾಗ ಏನಾಗುತ್ತದೆ ಅಂತ ಗೊತ್ತಾಗುತ್ತದೆ, ಊರೊಳಗಿನ ಹಂಪ್‌ಗಳಲ್ಲಿ ಫೋರ್ಕ್ ಪೂರ್ತಿ ಕುಗ್ಗಿ ತಳ ಹೊಡೆಯುವುದು ಗೊತ್ತಾಗುತ್ತದೆ, ತೋಟದ ದಾರಿಯಲ್ಲಿ ಸಣ್ಣ ಚೂಪು ಏಟುಗಳು ಕೈಗೆ ಬರುತ್ತವೆ. ಈ ಮೂರೂ ಬೇರೆ ಬೇರೆ ಪರೀಕ್ಷೆ.

ಈ ಬೈಕಿನ ಮಾಮೂಲಿ ಮಾಡೆಲ್‌ನಲ್ಲಿ ಮುಂದೆ 37 ಮಿ.ಮೀ. ದಪ್ಪದ ಫೋರ್ಕ್, 190 ಮಿ.ಮೀ. ಟ್ರಾವೆಲ್ (ಪೂರ್ತಿ ಕುಗ್ಗಬಲ್ಲ ದೂರ). ಹಿಂದೆ ಲಿಂಕೇಜ್ (ಚಕ್ರದ ತೋಳನ್ನು ಶಾಕ್‌ಗೆ ಜೋಡಿಸುವ ಕೀಲು) ಇರುವ ಮಾನೋಶಾಕ್, ಅಂದರೆ ಒಂದೇ ಶಾಕ್ ಅಬ್ಸಾರ್ಬರ್, 170 ಮಿ.ಮೀ. ಹಿಂದುಗಡೆ ಪ್ರಿಲೋಡ್, ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದೆ ಅನ್ನುವುದನ್ನು, ಹತ್ತು ಹಂತದಲ್ಲಿ ಬದಲಿಸಬಹುದು. ಮುಂದೆ ತಿರುಗಿಸಲು ಏನೂ ಇಲ್ಲ. ಒಳಗಿರುವುದು ಡ್ಯಾಂಪರ್ ರಾಡ್ ಮಾದರಿ. ಅಂದರೆ ರಾಡ್‌ನಲ್ಲಿ ತೂತುಗಳಿವೆ, ಫೋರ್ಕ್ ಕುಗ್ಗಿದಾಗ ಆಯಿಲ್ ಆ ತೂತುಗಳ ಮೂಲಕ ನುಗ್ಗುತ್ತದೆ, ಅಷ್ಟೇ. ಸಿರಿಂಜ್‌ನಲ್ಲಿ ನೀರು ತುಂಬಿ ನಿಧಾನಕ್ಕೆ ಒತ್ತಿ ನೋಡಿ, ಸಲೀಸಾಗಿ ಹೋಗುತ್ತದೆ. ಜೋರಾಗಿ ಒತ್ತಿದರೆ ಹೆಬ್ಬೆರಳಿಗೇ ತಡೆ ಸಿಗುತ್ತದೆ. ಈ ಫೋರ್ಕ್ ಮಾಡುವುದೂ ಅದನ್ನೇ. ನಿಧಾನದ ಚಲನೆಗೆ, ಅಂದರೆ ಬ್ರೇಕ್ ಹಿಡಿದಾಗ, ತಡೆ ಕಮ್ಮಿ. ಚೂಪು ಕಲ್ಲಿಗೆ ತಗುಲಿದಾಗ ತಡೆ ವಿಪರೀತ ಜಾಸ್ತಿ. ಈ ಗುಣ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಮೊದಲು ಅಳತೆ, ಆಮೇಲೆ ಖರ್ಚು

ಸ್ಯಾಗ್, ಅಂದರೆ ಭಾರಕ್ಕೇ ಫೋರ್ಕ್ ಎಷ್ಟು ಕುಗ್ಗುತ್ತದೆ ಅನ್ನುವುದನ್ನು, ಅಳೆಯದೆ ಯಾವುದಕ್ಕೂ ದುಡ್ಡು ಹಾಕಬೇಡಿ. ಮುಂದಿನ ಚಕ್ರ ಗಾಳಿಯಲ್ಲಿದ್ದಾಗ ಆಕ್ಸಲ್‌ನಿಂದ (ಚಕ್ರದ ಅಚ್ಚಿನಿಂದ) ಫೋರ್ಕ್ ಹಿಡಿದಿರುವ ಮೇಲಿನ ಕ್ಲಾಂಪ್‌ವರೆಗೆ ಅಳೆಯಿರಿ. ಆಮೇಲೆ ನೀವು ಹೆಲ್ಮೆಟ್, ಬೂಟು, ಬ್ಯಾಗ್ ಸಮೇತ ಕೂತಾಗ ಅದೇ ಜಾಗದಲ್ಲಿ ಅಳೆಯಿರಿ. ಎರಡರ ವ್ಯತ್ಯಾಸವೇ ಸ್ಯಾಗ್. ಒಬ್ಬರು ಬೈಕ್ ಹಿಡಿಯಲು, ಒಬ್ಬರು ಟೇಪ್ ಹಿಡಿಯಲು ಬೇಕು. ಆಯಿಲ್ ಸೋರದಂತೆ ತಡೆಯುವ ಫೋರ್ಕ್ ಸೀಲುಗಳು ಸ್ವಲ್ಪ ಹಿಡಿದುಕೊಳ್ಳುತ್ತವೆ. ಹಾಗಾಗಿ ಒಮ್ಮೆ ಕೆಳಗೆ ಒತ್ತಿ ಬಿಟ್ಟು ಅಳೆಯಬೇಕು, ಒಮ್ಮೆ ಮೇಲೆ ಎತ್ತಿ ಬಿಟ್ಟು ಅಳೆಯಬೇಕು. ಎರಡರ ಸರಾಸರಿ ತೆಗೆದುಕೊಳ್ಳಿ.

ಟ್ರಾವೆಲ್‌ನ ಮೂರನೇ ಒಂದು ಭಾಗದ ಹತ್ತಿರ ಬಂದರೆ ಸರಿ. 190ಕ್ಕೆ ಸುಮಾರು 57ರಿಂದ 63 ಮಿ.ಮೀ. ನಾನು 80 ಕೆ.ಜಿ. ಇದ್ದೇನೆ. ಕ್ರ್ಯಾಶ್ ಗಾರ್ಡ್, ಎಕ್ಸ್‌ಟ್ರಾ ಲೈಟು ಎಲ್ಲ ಸೇರಿ ನನ್ನ ಬೈಕಿನಲ್ಲಿ ಬಂದಿದ್ದು 72. ಅಂದರೆ ಹೊರಡುವ ಮೊದಲೇ ಟ್ರಾವೆಲ್‌ನಲ್ಲಿ ನೂರಕ್ಕೆ ಹತ್ತಿರ ಹತ್ತಿರ ನಲವತ್ತು ಭಾಗ ಖರ್ಚು. ಮೂಗು ಕುಕ್ಕುವುದರಲ್ಲಿ ಆಶ್ಚರ್ಯವೇನೂ ಇಲ್ಲ, ಅಲ್ವಾ?

ಅದೇ ಗ್ರೇಡ್, ಹೊಸ ಆಯಿಲ್

ಹೋಲಿಕೆಯನ್ನು ಇಲ್ಲಿಂದ ಶುರು ಮಾಡಬೇಕು. ಹಳೇ ಆಯಿಲ್ ಇಟ್ಟುಕೊಂಡು ಉಳಿದಿದ್ದನ್ನು ಹೋಲಿಸಿದರೆ ಅದು ಹೋಲಿಕೆಯೇ ಅಲ್ಲ. ನನ್ನ ಫೋರ್ಕ್‌ನಿಂದ ಇಳಿದ ಆಯಿಲ್ ಬೂದಿ ಬಣ್ಣಕ್ಕೆ ತಿರುಗಿತ್ತು. ತಟ್ಟೆಯನ್ನು ಬಿಸಿಲಿಗೆ ಓರೆ ಮಾಡಿದರೆ ಅಲ್ಯೂಮಿನಿಯಂ ಪುಡಿ ಮಿನುಗುತ್ತಿತ್ತು, ಮೂಗಿಗೆ ಕೊಳೆತ ಮೀನಿನ ವಾಸನೆ. ಕಂಪನಿ ಹೇಳಿದ ಗ್ರೇಡ್ ಅನ್ನೇ ಹೊಸದಾಗಿ ತುಂಬಿದ್ದಕ್ಕೆ ಫೋರ್ಕ್ ಕುಪ್ಪಳಿಸುವುದು ಸಾಕಷ್ಟು ನಿಂತಿತು. ತೋಟದ ದಾರಿಯಲ್ಲಿ ಮುಂದಿನ ಚಕ್ರ ನೆಲ ಬಿಟ್ಟು ಏಳುವುದು ಕಮ್ಮಿ ಆಯಿತು. ಸ್ಯಾಗ್ ಮಾತ್ರ ಹಾಗೇ ಇತ್ತು, 72. ಇರಲೇಬೇಕು, ನಿಂತ ಬೈಕಿನ ಭಾರ ಹೊರುವುದು ಸ್ಪ್ರಿಂಗ್, ಆಯಿಲ್ ಅಲ್ಲ.

ಇಲ್ಲಿ ಒಂದು ವಿಷಯ ಒತ್ತಿ ಹೇಳಬೇಕು. ಗ್ಯಾರೇಜಿನವರು ಇಷ್ಟು ಎಂ.ಎಲ್. ಅಂತ ಸುರಿದು ಮುಚ್ಚುತ್ತಾರೆ. ಒಳಗೆ ಹಳೆಯದು ಎಷ್ಟು ಉಳಿದಿದೆಯೋ ಯಾರಿಗೆ ಗೊತ್ತು? ಎಡಕ್ಕೊಂದು, ಬಲಕ್ಕೊಂದು ಮಟ್ಟ ಆಗಿಬಿಡುತ್ತದೆ. ಸರಿಯಾದ ಕ್ರಮ ಅಂದರೆ ಸ್ಪ್ರಿಂಗ್ ಹೊರಗೆ ತೆಗೆದು, ಫೋರ್ಕ್ ಪೂರ್ತಿ ಕುಗ್ಗಿಸಿ ನೆಟ್ಟಗೆ ನಿಲ್ಲಿಸಬೇಕು. ನಾಲ್ಕಾರು ಸಲ ಪಂಪ್ ಮಾಡಿ ಗಾಳಿ ಬಿಡಿಸಬೇಕು. ಆಮೇಲೆ ಟ್ಯೂಬಿನ ಮೇಲಂಚಿನಿಂದ ಆಯಿಲ್ ಮಟ್ಟಕ್ಕೆ ಎಷ್ಟು ಮಿ.ಮೀ. ಖಾಲಿ ಇದೆ ಅಂತ ಅಳೆಯಬೇಕು. ಎರಡೂ ಕಾಲಿಗೆ ಒಂದೇ ಅಳತೆ ಬರಬೇಕು. ದೊಡ್ಡ ಸಿರಿಂಜ್‌ಗೆ ಸಣ್ಣ ಪೈಪ್ ಸಿಕ್ಕಿಸಿ, ಬೇಕಾದ ಆಳಕ್ಕೆ ಗುರುತು ಹಾಕಿ, ಜಾಸ್ತಿ ಆಗಿದ್ದನ್ನು ಹೀರಿ ತೆಗೆದರೆ ಸಾಕು.

ಆ ಖಾಲಿ ಜಾಗದಲ್ಲಿರುವ ಗಾಳಿಯೂ ಒಂದು ಸ್ಪ್ರಿಂಗೇ. ಮಟ್ಟವನ್ನು 10 ಮಿ.ಮೀ. ಏರಿಸಿದರೆ ಮೊದಲರ್ಧ ಟ್ರಾವೆಲ್‌ನಲ್ಲಿ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ, ಕೊನೆಗೆ ಬಂದಾಗ ಗಟ್ಟಿಯಾಗುತ್ತದೆ. ಹಂಪ್‌ನಲ್ಲಿ ತಳ ಹೊಡೆಯುವ ಕಾಟಕ್ಕೆ ಇದಕ್ಕಿಂತ ಅಗ್ಗದ ಪರಿಹಾರ ಇಲ್ಲ. ಇಷ್ಟಾದರೂ ಯಾರೂ ಇದನ್ನು ಮಾಡುವುದಿಲ್ಲ ಅನ್ನುವುದು ನನಗೆ ಬೇಜಾರು. ಹಾಗಂತ ಬೇಕಾಬಿಟ್ಟಿ ಏರಿಸಬಾರದು, ಸೀಲ್ ಕಿತ್ತುಕೊಂಡು ಬರುತ್ತದೆ.

ದಪ್ಪ ಆಯಿಲ್

ಈಗ ಗ್ಯಾರೇಜಿನ ಮದ್ದು. 20 ಗ್ರೇಡ್ ಹಾಕಿ ಊರೊಳಗೆ ಒಂದು ರೌಂಡ್ ಹೊಡೆದರೆ ಯಾರಿಗಾದರೂ ಖುಷಿಯಾಗುತ್ತದೆ. ಹಂಪ್ ಮೇಲೆ ಗತ್ತಿನಲ್ಲಿ ಹತ್ತಿ ಇಳಿಯುತ್ತದೆ. ಚಾರ್ಮಾಡಿಯ ತಿರುವುಗಳಲ್ಲಿ ಬ್ರೇಕ್ ಹಿಡಿದಾಗ ಮೂಗು ನಿಧಾನಕ್ಕೆ ಇಳಿಯುತ್ತದೆ. ಆದರೆ ಇಳಿಯುವುದಂತೂ ಇಳಿಯುತ್ತದೆ. ಉದ್ದಕ್ಕೆ ಬ್ರೇಕ್ ಹಿಡಿದರೆ ಕೊನೆಗೆ ಮೊದಲಿನ ಆಳಕ್ಕೇ ಹೋಗಿ ನಿಲ್ಲುತ್ತದೆ, ತಲುಪಲು ಸ್ವಲ್ಪ ಹೊತ್ತು ಜಾಸ್ತಿ ತಗೊಳ್ಳುತ್ತದೆ ಅಷ್ಟೇ.

ತೋಟದ ದಾರಿಗೆ ಇಳಿದ ಮೇಲೆ ಪೂರ್ತಿ ಕಥೆ ತಿಳಿಯಿತು. ಮುಷ್ಟಿ ಗಾತ್ರದ ಕಲ್ಲುಗಳ ಮೇಲೆ ಹ್ಯಾಂಡಲ್ ಕೈಗೆ ನೇರವಾಗಿ ಏಟು ಕೊಡುತ್ತದೆ. ಒಂದು ಕಲ್ಲಿಗೆ ಕುಗ್ಗಿದ ಫೋರ್ಕ್ ಪೂರ್ತಿ ವಾಪಸ್ ಬರುವಷ್ಟರಲ್ಲಿ ಮುಂದಿನ ಕಲ್ಲು ಬಂದಿರುತ್ತದೆ. ಹಾಗೇ ಕುಗ್ಗಿ ಕುಗ್ಗಿ ಕೆಳಗೇ ಉಳಿದುಬಿಡುತ್ತದೆ. ಮುಂದಿನ ಚಕ್ರ ಹೇಳಿದ ಕಡೆ ಹೋಗುವುದಿಲ್ಲ. ಡಿಸೆಂಬರ್ ಬೆಳಿಗ್ಗೆ ಮಂಜಿನಲ್ಲಿ ಹೊರಟರೆ ಮೊದಲ ಕೆಲವು ಕಿಲೋಮೀಟರ್ ಇನ್ನೂ ಕಷ್ಟ. ಚಳಿಗೆ ಆಯಿಲ್ ಮತ್ತಷ್ಟು ದಪ್ಪಗಾಗುತ್ತದೆ. ಸ್ಯಾಗ್ ಅಳೆದೆ: 72. ಒಂದು ಮಿ.ಮೀ. ಕೂಡ ಆಚೀಚೆ ಇಲ್ಲ.

ಡಬ್ಬಿಯ ಮೇಲಿನ ನಂಬರನ್ನೂ ಪೂರ್ತಿ ನಂಬಬೇಡಿ. ಒಂದು ಬ್ರ್ಯಾಂಡಿನ 10 ಡಬ್ಲ್ಯೂ (10 ಗ್ರೇಡ್) ಇನ್ನೊಂದರ 10 ಡಬ್ಲ್ಯೂ ಜೊತೆ ಸಮ ಇರುವುದಿಲ್ಲ. ಡೇಟಾ ಶೀಟ್‌ನಲ್ಲಿ 40 ಡಿಗ್ರಿಗೆ ಎಷ್ಟು ಸೆಂಟಿಸ್ಟೋಕ್ಸ್ (ಆಯಿಲ್ ದಪ್ಪದ ಅಳತೆ) ಅಂತ ಕೊಟ್ಟಿರುತ್ತಾರೆ. ಅದೇ ನಿಜವಾದ ಅಳತೆ. ಬ್ರ್ಯಾಂಡ್ ಬದಲಿಸುವ ಮೊದಲು ಅದನ್ನು ನೋಡಿ.

ಪಿ.ವಿ.ಸಿ. ಪೈಪ್ ತುಂಡು

ಸ್ಪ್ರಿಂಗ್ ಮೇಲೆ 10 ಮಿ.ಮೀ. ಸ್ಪೇಸರ್ ಕೂರಿಸುವುದು. ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಸ್ಯಾಗ್ 72ರಿಂದ 62ಕ್ಕೆ ಬಂತು. ಬೈಕ್ ಮುಂದುಗಡೆ ಎದ್ದು ನಿಂತಿತು, ಘಾಟಿಯಲ್ಲಿ ತಳ ಹೊಡೆಯುವ ಮೊದಲು ಇನ್ನೊಂದಿಷ್ಟು ಟ್ರಾವೆಲ್ ಸಿಕ್ಕಿತು.

ಆದರೆ ಹೀಗೆ ಪ್ರಿಲೋಡ್ ಹಾಕಿದರೆ ಸ್ಪ್ರಿಂಗ್ ಗಟ್ಟಿ ಆಗುವುದಿಲ್ಲ. ಶುರುವಿನ ಜಾಗ ಬದಲಾಗುತ್ತದೆ, ಅಷ್ಟೇ. ಬೈಕಿಗೆ ಗಾರ್ಡು, ಲೈಟು ಅಂತ ಭಾರ ಹೇರಿದ್ದೀರಿ, ಮಿಕ್ಕಂತೆ ಎಲ್ಲ ಸರಿಯಿದೆ ಅಂದರೆ ಇದು ಸಾಕು. ಅದನ್ನೇ 25 ಮಿ.ಮೀ. ಮಾಡಿದರೆ ಹಂಪ್ ಇಳಿದಾಗ ಫೋರ್ಕ್ ಮೇಲ್ತುದಿಗೆ ಟಕ್ ಅಂತ ಬಡಿಯಲು ಶುರುವಾಗುತ್ತದೆ. ಪೈಪಿನ ಎರಡೂ ಬದಿ ನೆಟ್ಟಗೆ ಕತ್ತರಿಸಿ, ಅಂಚು ಉಜ್ಜಿ, ಎರಡೂ ಕಡೆ ವಾಷರ್ ಹಾಕಿ. ಇಲ್ಲದಿದ್ದರೆ ಪ್ಲಾಸ್ಟಿಕ್ ಚೂರು ಆಯಿಲ್‌ಗೆ ಇಳಿಯುತ್ತದೆ.

ಗಟ್ಟಿ ಸ್ಪ್ರಿಂಗ್

ನನ್ನ ಓಟು ಇದಕ್ಕೆ. ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ಹುಡುಕಬೇಡಿ, ನಿಮ್ಮ ಭಾರಕ್ಕೆ ಒಂದು ಹಂತ ಮೇಲಿನದು ಸಾಕು. ನಾನು ಹಾಕಿದ್ದು ಲೀನಿಯರ್, ಅಂದರೆ ಉದ್ದಕ್ಕೂ ಒಂದೇ ಬಿಗಿ. ಪ್ರಿಲೋಡ್ ಕಮ್ಮಿ ಇಟ್ಟೂ ಸ್ಯಾಗ್ 60ಕ್ಕೆ ಬಂದು ನಿಂತಿತು. ಬ್ರೇಕ್ ಹಿಡಿದಾಗ ಮೂಗು ಇಳಿಯುವ ಆಳವೇ ಕಮ್ಮಿ ಆಯಿತು. ದಪ್ಪ ಆಯಿಲ್ ಮಾಡದೇ ಹೋದ ಕೆಲಸ ಇದು. ತೋಟದ ಕಲ್ಲಿನ ಮೇಲೆ ಕೈನೋವು ಜಾಸ್ತಿಯಾಗುತ್ತದೆ ಅಂದುಕೊಂಡಿದ್ದವನಿಗೆ ಉಲ್ಟಾ ಅನುಭವ. ಫೋರ್ಕ್ ಟ್ರಾವೆಲ್‌ನ ಮೇಲಿನ ಭಾಗದಲ್ಲಿ ಆಡುವುದರಿಂದ ಕಲ್ಲು ನುಂಗಲು ಜಾಗ ಇರುತ್ತದೆ.

ಗೆಳೆಯನ ಬೈಕಿನಲ್ಲಿರುವುದು ಪ್ರೋಗ್ರೆಸಿವ್ ಸ್ಪ್ರಿಂಗ್. ಶುರುವಿಗೆ ಮೆತ್ತಗೆ, ಹೋಗ್ತಾ ಹೋಗ್ತಾ ಗಟ್ಟಿ. ಟಾರು ರಸ್ತೆಯಲ್ಲಿ ಅದು ನನ್ನದಕ್ಕಿಂತ ಹಿತ, ಒಪ್ಪಲೇಬೇಕು. ಒಂದು ದಿನ ಒಬ್ಬರೇ, ಇನ್ನೊಂದು ದಿನ ಮನೆಯವರ ಜೊತೆ ಓಡಾಡುವವರಿಗೆ ಅದೇ ಸರಿ. ಕಲ್ಲುದಾರಿಯಲ್ಲಿ ಮಾತ್ರ ಆ ಮೆತ್ತಗಿನ ಭಾಗ ಬೇಗ ಮುಗಿದುಹೋಗುತ್ತದೆ.

ಸ್ಪ್ರಿಂಗ್ ಗಟ್ಟಿಯಾದರೆ ಅದು ವಾಪಸ್ ಚಿಮ್ಮುವ ಜೋರೂ ಹೆಚ್ಚುತ್ತದೆ. ಅದನ್ನು ಹಿಡಿಯಲು ಆಯಿಲ್ ಅರ್ಧ ಹಂತ ದಪ್ಪ ಮಾಡಿದೆ. ಅದೇ ಬ್ರ್ಯಾಂಡಿನ ಎರಡು ಗ್ರೇಡ್ ಬೆರೆಸಿದರೆ ನಡುವಿನದು ಸಿಗುತ್ತದೆ. ದಪ್ಪ ಆಯಿಲ್‌ಗೆ ಇರುವ ಜಾಗ ಇದು.

ರ್‍ಯಾಲಿ ಸಸ್ಪೆನ್ಶನ್

ಹೀರೋ ಮೊದಲು ರ್‍ಯಾಲಿ ಕಿಟ್ ಅಂತ ಬೇರೆಯಾಗಿ ಮಾರಿತು. 2023ರಲ್ಲಿ 4ವಿ ಪ್ರೊ ಬಂದಾಗ ಫ್ಯಾಕ್ಟರಿಯಿಂದಲೇ ಹಾಕಿಕೊಟ್ಟಿತು. ಮುಂದೆ 250, ಹಿಂದೆ 220 ಮಿ.ಮೀ. ಟ್ರಾವೆಲ್, ಎರಡೂ ಕಡೆ ಪೂರ್ತಿ ಅಡ್ಜಸ್ಟ್ ಮಾಡಬಹುದು. ಪರಿಚಯದವರ ಪ್ರೊ ಓಡಿಸಿ ನೋಡಿದೆ. ಕಲ್ಲುದಾರಿಯಲ್ಲಿ ನನ್ನ ಬೈಕ್ ಅದರ ಹತ್ತಿರಕ್ಕೂ ಬರುವುದಿಲ್ಲ. ಕಂಪ್ರೆಶನ್ (ಕುಗ್ಗುವಾಗಿನ ತಡೆ) ಬೇರೆ, ರೀಬೌಂಡ್ (ವಾಪಸ್ ಬರುವಾಗಿನ ತಡೆ) ಬೇರೆ ಕ್ಲಿಕ್‌ನಲ್ಲಿ ಸರಿಮಾಡಬಹುದು ಅನ್ನುವುದೇ ದೊಡ್ಡ ಸುಖ. ಆದರೆ ಸೀಟು 891 ಮಿ.ಮೀ. ಎತ್ತರ. ಕೆಸರಿನಲ್ಲಿ ನಿಲ್ಲಿಸಿ ಒಂದು ಕಾಲು ಊರಲು ನನ್ನ ಎತ್ತರಕ್ಕೆ ಕಷ್ಟ. ಜಂಪ್ ಹೊಡೆಯುವವರು, ರ್‍ಯಾಲಿಗೆ ಇಳಿಯುವವರು ಕಣ್ಣು ಮುಚ್ಚಿ ತಗೊಳ್ಳಬಹುದು. ದಿನಾ ಪೇಟೆಗೆ ಹೋಗಿ ಬರುವವರಿಗೆ ನಾನು ಹೇಳುವುದಿಲ್ಲ.

ಹಿಂದುಗಡೆ

ಮುಂದೆ ಏನೇ ಮಾಡಿದರೂ ಹಿಂದಿನ ಲಿಂಕೇಜ್ ಒಣಗಿದ್ದರೆ ಪ್ರಯೋಜನ ಇಲ್ಲ. ಮಲೆನಾಡಿನ ಒಂದು ಮಳೆಗಾಲ ಕಳೆದ ಮೇಲೆ ಬಿಚ್ಚಿ ನೋಡಿದರೆ ಒಳಗಿನ ಗ್ರೀಸ್ ಹಾಲು ಬೆರೆತ ಹಾಗೆ ಬೆಳ್ಳಗಾಗಿತ್ತು, ಒಂದು ಬುಶ್ ಮೇಲೆ ತುಕ್ಕಿನ ಗೆರೆ ಎದ್ದಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ವಾಟರ್‌ಪ್ರೂಫ್ ಗ್ರೀಸ್ ತುಂಬಿದೆ. ಶಾಕ್ ಹೋಗಿದೆ ಅಂದುಕೊಂಡಿದ್ದ ಒರಟುತನದಲ್ಲಿ ಮುಕ್ಕಾಲು ಪಾಲು ಅಲ್ಲೇ ಮಾಯ. ಹೊಸ ಶಾಕ್ ಬೆಲೆ ವಿಚಾರಿಸುವ ಮೊದಲು ಇದನ್ನು ಮಾಡಿ. ವಾಟರ್ ಸರ್ವಿಸ್‌ನಲ್ಲಿ ಪ್ರೆಶರ್ ಗನ್ನನ್ನು ಲಿಂಕೇಜ್‌ಗೆ, ಫೋರ್ಕ್ ಸೀಲ್‌ಗೆ ಹತ್ತಿರ ಹಿಡಿಯಲು ಬಿಡಬೇಡಿ. ಎದುರಿಗೆ ನಿಂತು ಹೇಳಿ.

ಸೀಲ್ ಸೋರಿದ ತಕ್ಷಣ ಹೊಸದು ಬೇಕು ಅಂತಲೂ ಇಲ್ಲ. ಡಸ್ಟ್ ಸೀಲ್ ಕೆಳಗಿಳಿಸಿ, ಹಳೇ ಕ್ಯಾಮೆರಾ ಫಿಲ್ಮಿನ ತುಂಡನ್ನು ಆಯಿಲ್ ಸೀಲ್ ಒಳಗೆ ತೂರಿಸಿ ಸುತ್ತ ತಿರುಗಿಸಿದರೆ ಸಿಕ್ಕಿಕೊಂಡ ಮಣ್ಣು ಹೊರಗೆ ಬರುತ್ತದೆ. ಎಷ್ಟೋ ಸಲ ಸೋರಿಕೆ ಅಷ್ಟಕ್ಕೇ ನಿಲ್ಲುತ್ತದೆ. ಟ್ಯೂಬ್ ಮೇಲೆ ಉಗುರಿಗೆ ತಗುಲುವ ಗೀರು ಇದ್ದರೆ ಮಾತ್ರ ಹೊಸ ಸೀಲೂ ಬಾಳುವುದಿಲ್ಲ.

ಫೋರ್ಕ್ ಬಿಚ್ಚಿ ಜೋಡಿಸಿದವರು ಕೊನೆಯಲ್ಲಿ ಇದನ್ನು ಬಿಡಬಾರದು. ಆಕ್ಸಲ್ ಹಿಡಿದಿರುವ ಕ್ಲಾಂಪ್ ಬೋಲ್ಟನ್ನು ಮೊದಲೇ ಬಿಗಿ ಮಾಡಬೇಡಿ. ಚಕ್ರ ನೆಲಕ್ಕಿಳಿಸಿ, ಮುಂದಿನ ಬ್ರೇಕ್ ಹಿಡಿದು, ಫೋರ್ಕನ್ನು ನಾಲ್ಕೈದು ಸಲ ಜೋರಾಗಿ ಒತ್ತಿ. ಎರಡು ಕಾಲೂ ತಮ್ಮಷ್ಟಕ್ಕೆ ನೇರವಾಗಿ ಕೂರುತ್ತವೆ. ಆಮೇಲೆ ಬಿಗಿ ಮಾಡಿ. ಹಾಗೆ ಮಾಡದಿದ್ದರೆ ಕಾಲುಗಳು ಓರೆಯಾಗಿ ಹಿಡಿದುಕೊಳ್ಳುತ್ತವೆ, ಎಷ್ಟು ಒಳ್ಳೇ ಸ್ಪ್ರಿಂಗ್ ಹಾಕಿದ್ದರೂ ಸಣ್ಣ ಕಲ್ಲಿಗೆ ಫೋರ್ಕ್ ಅಲುಗುವುದೇ ಇಲ್ಲ.