ಜಿಮ್ನಾಸ್ಟಿಕ್ಸ್ ಮಕ್ಕಳಿಗೆ ಸೊಂಟದ ಬೆಲ್ಟ್: ಕೊಳ್ಳುವ ಮುಂಚೆ ಓದಿ

ಮೆಡಿಕಲ್ ಶಾಪಿನಲ್ಲಿ ಎಲ್.ಎಸ್. ಬೆಲ್ಟ್ (ಲಂಬೊ-ಸೇಕ್ರಲ್, ಅಂದರೆ ಸೊಂಟದ ಬೆಲ್ಟ್) ಕೇಳಿದರೆ ಕೊಡುವುದು ಅಗಲವಾದ ಎಲಾಸ್ಟಿಕ್ ಪಟ್ಟಿ. ಬೆನ್ನಿನ ಕಡೆ ಉದ್ದುದ್ದ ಹೊಲಿದ ಗಟ್ಟಿ ಕಡ್ಡಿಗಳು, ಮುಂದೆ ವೆಲ್ಕ್ರೋ, ಅದರ ಮೇಲೆ ಎಳೆದು ಬಿಗಿಮಾಡಲು ಇನ್ನೆರಡು ಪಟ್ಟಿ ಇರುತ್ತವೆ. ಬೆಲೆ ಹೆಚ್ಚುಕಡಿಮೆ 400ರಿಂದ 900 ರೂಪಾಯಿ. ದೊಡ್ಡವರ ಸೊಂಟನೋವಿಗೆಂದು ಮಾಡಿದ ಈ ಬೆಲ್ಟನ್ನು ಜಿಮ್ನಾಸ್ಟಿಕ್ಸ್ ಕಲಿಯುವ ಮಕ್ಕಳಿಗೂ ಕಟ್ಟಿ ಅಭ್ಯಾಸಕ್ಕೆ ಕಳಿಸುವುದುಂಟು. ಇಲ್ಲಿ ನೋಡುತ್ತಿರುವುದು ಆ ಬಳಕೆಯನ್ನು ಮಾತ್ರ.

ಮೊದಲು ಅಳತೆ. ಬೆಲ್ಟಿನ ಸೈಜ್ ನೋಡುವುದು ಹೊಕ್ಕುಳಿನ ಮಟ್ಟದ ಸುತ್ತಳತೆಯಿಂದ. ಹನ್ನೊಂದು ಹನ್ನೆರಡು ವರ್ಷದ ಸಪೂರ ಜಿಮ್ನಾಸ್ಟಿನ ಸೊಂಟ 60 ಸೆಂ.ಮೀ. ಆಸುಪಾಸಿನಲ್ಲಿರುತ್ತದೆ. ದೊಡ್ಡವರ ಸ್ಮಾಲ್ ಸೈಜೂ ಅವಳಿಗೆ ಸಡಿಲವೇ. ವೆಲ್ಕ್ರೋ ಒಂದರ ಮೇಲೊಂದು ತುಂಬ ಹಾಯಿಸಿ ಕಟ್ಟಿದರೆ ಬೆನ್ನುಮೂಳೆಯ ಎರಡೂ ಬದಿಗೆ ಇರಬೇಕಾದ ಕಡ್ಡಿಗಳು ಪಕ್ಕೆಯ ಕಡೆಗೆ ಸರಿಯುತ್ತವೆ. ಅಗಲವೂ ಮಗುವಿನ ಮುಂಡಕ್ಕೆ ಜಾಸ್ತಿ. ಕೂತರೆ ಕೆಳಗಿನ ಅಂಚು ತೊಡೆಸಂದಿಗೆ ಒತ್ತುತ್ತದೆ, ಮೇಲಿನ ಅಂಚು ಪಕ್ಕೆಲುಬಿಗೆ ತಗಲುತ್ತದೆ. ಎರಡು ಬಾರಿ ಬ್ರಿಡ್ಜ್ (ಅಂಗೈ, ಪಾದ ನೆಲಕ್ಕೂರಿ ಹೊಟ್ಟೆ ಮೇಲಾಗಿ ಮೈಯನ್ನು ಕಮಾನಾಗಿಸುವುದು) ಹಾಕಿ ಎದ್ದರೆ ಬೆಲ್ಟ್ ಎದೆಯ ಕಡೆಗೆ ಏರಿರುತ್ತದೆ.

ಆದರೆ ಅಳತೆ ಸರಿಹೋದರೂ ಉಳಿಯುವ ತೊಂದರೆಯೇ ದೊಡ್ಡದು. ಈ ಬೆಲ್ಟ್ ಹೊಟ್ಟೆಯನ್ನು ಸ್ವಲ್ಪ ಅಮುಕುತ್ತದೆ, ಬಿಸುಪು ಕೊಡುತ್ತದೆ, ಮುಂದಕ್ಕೆ ಬಾಗುವುದನ್ನು ಒಂದಿಷ್ಟು ತಡೆಯುತ್ತದೆ. ಜಿಮ್ನಾಸ್ಟಿನ ಸೊಂಟಕ್ಕೆ ಪೆಟ್ಟು ಬೀಳುವುದು ಹೆಚ್ಚಾಗಿ ಹಿಂದಕ್ಕೆ ಬಾಗುವಾಗ: ಬ್ಯಾಕ್ ವಾಕ್‌ಓವರ್ (ಹಿಂದಕ್ಕೆ ಬಾಗಿ ಕೈಯೂರಿ ಕಾಲುಗಳನ್ನು ಒಂದೊಂದಾಗಿ ದಾಟಿಸುವುದು), ಬ್ಯಾಕ್ ಹ್ಯಾಂಡ್‌ಸ್ಪ್ರಿಂಗ್ (ಹಿಂದಕ್ಕೆ ನೆಗೆದು ಕೈಯೂರಿ ಮತ್ತೆ ಕಾಲ ಮೇಲೆ ಇಳಿಯುವುದು), ವಾಲ್ಟಿನಲ್ಲಿ (ಓಡಿಬಂದು ಮೇಜಿನ ಮೇಲಿಂದ ನೆಗೆಯುವಾಗ) ಹಿಮ್ಮುಖವಾಗಿ ಮೇಜಿಗೆ ಕೈಯೂರುವ ಯುರ್ಚೆಂಕೊ, ಸೊಂಟ ಕಮಾನಾಗಿದ್ದಾಗಲೇ ನೆಲಕ್ಕೆ ಇಳಿಯುವುದು. ಹಿಂದಕ್ಕೆ ಬಾಗಿದಾಗ ಸೊಂಟದ ಕೊನೆಯ ಕಶೇರು (ಬೆನ್ನುಮೂಳೆಯ ಮಣಿ), ಅಂದರೆ ಎಲ್-5ರ ಹಿಂಭಾಗದಲ್ಲಿ ಪಾರ್ಸ್ ಎಂಬ ಸಣ್ಣ ಮೂಳೆಸೇತುವೆಗೆ ಒತ್ತಡ ಬೀಳುತ್ತದೆ. ತಂತಿಯನ್ನು ಒಂದೇ ಕಡೆ ಮತ್ತೆ ಮತ್ತೆ ಬಗ್ಗಿಸಿದಂತೆ ಅಲ್ಲಿ ಬಿರುಕು ಬಿಡಬಹುದು. ಇದಕ್ಕೆ ಸ್ಪಾಂಡಿಲೊಲೈಸಿಸ್ ಎನ್ನುತ್ತಾರೆ. ಸಾಮಾನ್ಯ ಜನರಲ್ಲಿ ಇದು ಸುಮಾರು 6%. ಅಮೆರಿಕದಲ್ಲಿ 100 ಜಿಮ್ನಾಸ್ಟ್ ಹುಡುಗಿಯರ ಎಕ್ಸ್‌ರೇ ತೆಗೆದು 1976ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11 ಹುಡುಗಿಯರಿಗೆ ಎಲ್-5ರ ಪಾರ್ಸ್‌ನಲ್ಲಿ ದೋಷ ಕಂಡಿತ್ತು. ಆ ಕೆಳಮಟ್ಟದ ಚಲನೆಯನ್ನು ಎಲಾಸ್ಟಿಕ್ ಬೆಲ್ಟ್ ನಿಲ್ಲಿಸಲಾರದು. ನೋವಿನ ಅರಿವು ಮಾತ್ರ ಕಡಿಮೆಯಾಗುತ್ತದೆ, ಮಗು ಇನ್ನೂ ಹತ್ತು ವಾಕ್‌ಓವರ್ ಹಾಕುತ್ತಾಳೆ. ಈ ವಸ್ತುವಿನ ಬಗ್ಗೆ ನಮ್ಮ ಮುಖ್ಯ ತಕರಾರು ಇದೇ.

ಬೆಲ್ಟಿಗೆ ದುಡ್ಡು ಕೊಡುವ ಮೊದಲು ಬ್ರಿಡ್ಜನ್ನು ಪಕ್ಕದಿಂದ ನಿಂತು ನೋಡಿ. ಕಮಾನು ಭುಜದಿಂದ ತೊಡೆಯವರೆಗೆ ಹರಡಿರಬೇಕು, ಭುಜ ಮಣಿಕಟ್ಟಿನ ನೇರಕ್ಕೆ ಬರಬೇಕು. ಭುಜ ಹಿಂದೆ ಉಳಿದು, ಪ್ಯಾಂಟಿನ ಪಟ್ಟಿಗಿಂತ ಸ್ವಲ್ಪ ಮೇಲೆ ಒಂದೇ ಕಡೆ ಚರ್ಮ ಆಳವಾಗಿ ಮಡಿಸಿಕೊಂಡಿದ್ದರೆ ಇಡೀ ಬಾಗು ಅಲ್ಲೇ ಆಗುತ್ತಿದೆ ಎಂದರ್ಥ. ಕಾರಣ ಸಾಮಾನ್ಯವಾಗಿ ಮೇಲೋ ಕೆಳಗೋ ಇರುತ್ತದೆ. ಮೇಲೆ ಅಂದರೆ ಭುಜ: ಅಂಗಾತ ಮಲಗಿಸಿ, ಮಂಡಿ ಮಡಿಸಿ, ಸೊಂಟವನ್ನು ನೆಲಕ್ಕೆ ಒತ್ತಿಸಿ, ಕೈಗಳನ್ನು ಕಿವಿಯ ಪಕ್ಕದಿಂದ ಹಿಂದಕ್ಕೆ ಚಾಚಿಸಿ. ಪಕ್ಕೆಲುಬು ಏಳದೆ ಕೈ ನೆಲ ಮುಟ್ಟದಿದ್ದರೆ ಭುಜ ಬಿಗಿಯಾಗಿದೆ. ಕೆಳಗೆ ಅಂದರೆ ತೊಡೆಸಂದು: ಗಟ್ಟಿ ಮೇಜಿನ ಅಂಚಿನಲ್ಲಿ ಮಲಗಿ ಒಂದು ಮಂಡಿಯನ್ನು ಎದೆಗೆ ಅಪ್ಪಿಕೊಂಡಾಗ ಇನ್ನೊಂದು ತೊಡೆ ಮೇಜಿನ ಮಟ್ಟಕ್ಕೆ ಇಳಿಯಬೇಕು. ಮೇಲೇ ನಿಂತರೆ ತೊಡೆ ಎತ್ತುವ ಸ್ನಾಯು ಬಿಗಿಯಾಗಿದೆ. ಭುಜ, ತೊಡೆಸಂದು ಬಾಗದಿದ್ದಷ್ಟನ್ನು ಸೊಂಟವೇ ಬಾಗಿ ತುಂಬಿಕೊಡುತ್ತದೆ.

ಒಂಟಿ ಕಾಲಿನಲ್ಲಿ ನಿಂತು ಹಿಂದಕ್ಕೆ ಬಾಗಿದಾಗ ಸೊಂಟದ ಒಂದು ಬದಿಯಲ್ಲಿ ಚುಚ್ಚಿದಂತಾದರೆ ಕಸರತ್ತು ನಿಲ್ಲಿಸಿ ಸ್ಪೋರ್ಟ್ಸ್ ಅಥವಾ ಮೂಳೆ ವೈದ್ಯರಿಗೆ ತೋರಿಸಿ. ಚುಚ್ಚದಿದ್ದರೆ ಎಲ್ಲ ಸರಿಯಿದೆ ಅಂತಲ್ಲ. ಹಿಂದಕ್ಕೆ ಬಾಗುವಾಗ ಬರುವ ನೋವು ಎರಡು ವಾರ ದಾಟಿದರೂ ತೋರಿಸಲೇಬೇಕು. ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದೆ ಎಂಆರ್‌ಐಯಲ್ಲಿ ಮಾತ್ರ ಕಾಣುವ ಬಿರುಕುಗಳಿವೆ, ಹಾಗಾಗಿ ಎಕ್ಸ್‌ರೇ ನಾರ್ಮಲ್ ಬಂತೆಂದು ಮರುದಿನವೇ ಅಭ್ಯಾಸಕ್ಕೆ ಕಳಿಸಬೇಡಿ. ರಾತ್ರಿ ನಿದ್ದೆಗೆಡಿಸುವ ನೋವು, ಜ್ವರ, ಕಾಲಿನಲ್ಲಿ ಜೋಮು ಅಥವಾ ನಿಶ್ಶಕ್ತಿ ಇದ್ದರೆ ಕಾಯಬೇಡಿ. ಮೂತ್ರ ಹಿಡಿತ ತಪ್ಪಿದರೆ ಆ ಕ್ಷಣವೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಬಿರುಕು ಖಚಿತವಾದರೆ ಕೆಲವು ವೈದ್ಯರು ಮೈಯಳತೆಗೆ ಮಾಡಿಸಿದ ಗಟ್ಟಿ ಪ್ಲಾಸ್ಟಿಕ್ ಬ್ರೇಸ್ ಬರೆದುಕೊಡುತ್ತಾರೆ. ಅದು ಬೇರೆಯದೇ ವಸ್ತು. ಎಲಾಸ್ಟಿಕ್ ಬೆಲ್ಟನ್ನು ಅದರ ಅಗ್ಗದ ಬದಲಿ ಅಂದುಕೊಳ್ಳಬೇಡಿ. ಬ್ರೇಸ್ ಹಾಕಿದರೂ ಮುಖ್ಯ ಚಿಕಿತ್ಸೆ ವಿಶ್ರಾಂತಿಯೇ. ಬಾಗುವ, ನೆಗೆಯುವ ಕಸರತ್ತುಗಳನ್ನು ಸಾಮಾನ್ಯವಾಗಿ ಮೂರು ತಿಂಗಳಷ್ಟು ಕಾಲ ಬಿಡಿಸುತ್ತಾರೆ.

ನೋವಿಲ್ಲದೆ ಬಿಗಿತ ಮಾತ್ರ ಇದ್ದರೆ ಬೆಲ್ಟಿನ ಬದಲು 30ರಿಂದ 40 ಸೆಂ.ಮೀ. ಎತ್ತರದ, ಜಾರದ ಫೋಮ್ ಬ್ಲಾಕ್ ತೆಗೆದುಕೊಳ್ಳಿ. ಅದರ ಮೇಲೆ ಪಾದವಿಟ್ಟು ಬ್ರಿಡ್ಜ್ ಹಾಕಿದರೆ ಬಾಗು ಸೊಂಟದಿಂದ ಭುಜಕ್ಕೆ ಸಾಗುತ್ತದೆ. ಹತ್ತು ಸೆಕೆಂಡಿನಂತೆ ಐದು ಸಲ ಸಾಕು. ತೊಡೆಸಂದಿಗೆ ಒಂದು ಮಂಡಿಯೂರಿ, ಪೃಷ್ಠ ಬಿಗಿಹಿಡಿದು ಮುಂದಕ್ಕೆ ಸರಿದು 30 ಸೆಕೆಂಡ್, ಎರಡೂ ಕಡೆ ಎರಡೆರಡು ಸಲ. ಪೃಷ್ಠ ಬಿಗಿಹಿಡಿಯದಿದ್ದರೆ ಇಲ್ಲೂ ಸೊಂಟವೇ ಬಾಗುತ್ತದೆ, ಸ್ನಾಯುವಿಗೆ ಏನೂ ತಾಗುವುದಿಲ್ಲ. ಹಾಲೋ ಹೋಲ್ಡ್ (ಅಂಗಾತ ಮಲಗಿ, ಸೊಂಟ ನೆಲಕ್ಕೊತ್ತಿ, ಕಾಲು ಮತ್ತು ಭುಜ ನೆಲದಿಂದ ಎತ್ತಿ ಹಿಡಿಯುವುದು) 20 ಸೆಕೆಂಡಿನಂತೆ ನಾಲ್ಕು ಸಲ. ಸೊಂಟ ನೆಲ ಬಿಟ್ಟ ಕೂಡಲೇ ನಿಲ್ಲಿಸಿ, ಕಾಲನ್ನು ಇನ್ನಷ್ಟು ಮೇಲಕ್ಕೆತ್ತಿ ಮತ್ತೆ ಶುರುಮಾಡಿ.

ಲೆಕ್ಕ ಇಡುವುದಕ್ಕೆ ಬೆಲ್ಟಿನಷ್ಟೂ ಖರ್ಚಿಲ್ಲ. ದಿನಕ್ಕೆ ಎಷ್ಟು ಸಲ ಹಿಂದಕ್ಕೆ ಬಾಗುವ ಕಸರತ್ತಾಯಿತು ಅಂತ ಕೋಚ್ ಹತ್ತಿರ ಬರೆಸಿಕೊಳ್ಳಿ, ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಹಾಕಿ. ಮಗು ದಿಢೀರನೆ ಉದ್ದ ಬೆಳೆಯುವ ತಿಂಗಳುಗಳಲ್ಲಿ ಸ್ನಾಯುಗಳು ಬಿಗಿಯಾಗುತ್ತವೆ, ಮೂಳೆಯೂ ಇನ್ನೂ ಬಲಿತಿರುವುದಿಲ್ಲ. ಆಗ ಆ ಸಂಖ್ಯೆಯನ್ನು ಅರ್ಧಕ್ಕಿಳಿಸಿ ಎಂದು ಕೇಳುವ ಹಕ್ಕು ನಿಮಗಿದೆ. ಸ್ಪರ್ಧೆ ಹತ್ತಿರವಿದೆ ಎಂಬ ಮಾತಿಗೆ ಸೋಲಬೇಡಿ.

ನಮ್ಮ ಅಂಕ: ಮಕ್ಕಳ ಅಭ್ಯಾಸಕ್ಕೆ 5ಕ್ಕೆ 1. ಸ್ನಾಯು ಹಿಡಿದುಕೊಂಡ ದೊಡ್ಡವರು ದೂರದ ಬಸ್ ಪ್ರಯಾಣಕ್ಕೆ, ಅಥವಾ ದಿನವಿಡೀ ಮಕ್ಕಳನ್ನು ಎತ್ತಿ ಹಿಡಿಯುವ ಕೋಚ್ ಒಂದೆರಡು ಗಂಟೆ ಕಟ್ಟಿಕೊಳ್ಳಲು 5ಕ್ಕೆ 3. ಈಗಾಗಲೇ ಕೊಂಡಿದ್ದರೆ ಮನೆಯ ದೊಡ್ಡವರು ಬಳಸಲಿ. ಕಡ್ಡಿ ತೆಗೆಯಲು ಬರುವಂತಿದ್ದರೆ ತೆಗೆದು, ವೆಲ್ಕ್ರೋ ಮುಚ್ಚಿ, ತಣ್ಣೀರಿನಲ್ಲಿ ಕೈಯಲ್ಲೇ ಒಗೆದು ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಎಲಾಸ್ಟಿಕ್ ಬೇಗ ಸಡಿಲಾಗುತ್ತದೆ.