ಸ್ವಂತ ಬಿಸಿನೆಸ್ ಮಾಡ್ಬೇಕು ಅನ್ನೋರಿಗೆ ಉಜಿರೆ ರುಡ್‌ಸೆಟ್ ತರಬೇತಿ ಹೇಗಿದೆ? ಅಲ್ಲಿ ಕಲ್ತವನ ರಿವ್ಯೂ

ಪಿಯುಸಿ ರಿಸಲ್ಟ್ ಬಂದ್ಮೇಲೆ ನಮ್ಮ ಕಡೆ ಮನೆಮನೇಲೂ ಒಂದೇ ಮಾತು. ಹುಡುಗ ಕೆಲಸಕ್ಕೆ ಹೋಗಲ್ವಂತೆ, ಬಿಸಿನೆಸ್ ಮಾಡ್ತಾನಂತೆ, ಬೆಂಗಳೂರಲ್ಲಿ ಯಾವುದೋ ಕಾಲೇಜಲ್ಲಿ ಬಿಬಿಎ ಆಂತ್ರಪ್ರೆನರ್‌ಶಿಪ್ ಇದ್ಯಂತೆ, ಫೀಸು ಪಿಜಿ ಎಲ್ಲ ಸೇರಿ ಲಕ್ಷಗಟ್ಲೆ ಆಗುತ್ತಂತೆ, ಸೇರಿಸೋದಾ ಬೇಡ್ವಾ ಅಂತ. ನಾನು ಉಜಿರೆ ರುಡ್‌ಸೆಟ್‌ನಲ್ಲಿ ಮೋಟಾರ್ ರಿವೈಂಡಿಂಗ್ ಕಲ್ತು ಮೂಡಿಗೆರೆ ಕಡೆ ಅಂಗಡಿ ಇಟ್ಕೊಂಡಿರೋನು, ಅದಕ್ಕೇ ಕೇಳೋರೆಲ್ಲ ನನ್ನನ್ನೂ ಒಂದ್ಸಲ ಕೇಳ್ತಾರೆ. ಫೋನಲ್ಲಿ ಅರ್ಧಂಬರ್ಧ ಹೇಳೋ ಬದಲು ಪೂರ್ತಿ ಇಲ್ಲೇ ಬರೀತಿದೀನಿ.

ಮೊದ್ಲು ಇದೇನು ಅಂತ ಗೊತ್ತಿಲ್ದೇ ಇರೋರಿಗೆ. ರುಡ್‌ಸೆಟ್ ಶುರುವಾಗಿದ್ದು 1982ರಲ್ಲಿ, ಬೆಳ್ತಂಗಡಿ ತಾಲೂಕಿನ ಉಜಿರೆಯಲ್ಲಿ. ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಅಲ್ಲಿನ ಮಂಜುನಾಥೇಶ್ವರ ಎಜುಕೇಶನಲ್ ಟ್ರಸ್ಟು, ಜೊತೆಗೆ ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಮಾಡಿದ್ದು (2020ರಲ್ಲಿ ಸಿಂಡಿಕೇಟ್ ಕೆನರಾದೊಳಗೆ ಸೇರ್ಕೊಂಡ್ತು). ಹಳ್ಳಿ ಕಡೆ ಹುಡುಗ ಹುಡುಗೀರಿಗೆ ಒಂದು ಕಸುಬು ಕಲ್ಸಿ, ಅದರ ಜೊತೆಗೇ ವ್ಯವಹಾರ ಹೆಂಗೆ ನಡೆಸೋದು ಅಂತನೂ ಹೇಳ್ಕೊಟ್ಟು, ಬ್ಯಾಂಕ್ ಸಾಲದ ತನಕ ದಾರಿ ತೋರ್ಸೋದು ಇದರ ಕೆಲಸ. ಊಟ, ವಸತಿ, ಪಾಠ ಎಲ್ಲ ಫ್ರೀ. ಈ ಮಾದರಿ ನೋಡಿನೇ ಕೇಂದ್ರ ಸರ್ಕಾರದ ಗ್ರಾಮೀಣಾಭಿವೃದ್ಧಿ ಇಲಾಖೆ ಜಿಲ್ಲೆಗೊಂದು ಆರ್‌ಸೆಟಿ (ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆ) ಅಂತ ಮಾಡ್ತು, ಈಗ ದೇಶದಲ್ಲಿ ಐನೂರಕ್ಕೂ ಜಾಸ್ತಿ ಇದಾವೆ, ಒಂದೊಂದನ್ನ ಒಂದೊಂದು ಬ್ಯಾಂಕ್ ನಡೆಸುತ್ತೆ. ಅಂದ್ರೆ ಬೀದರ್‌ನೋರಾಗ್ಲಿ ಚಾಮರಾಜನಗರದೋರಾಗ್ಲಿ ಉಜಿರೆಗೇ ಬರ್ಬೇಕು ಅಂತಿಲ್ಲ. ರುಡ್‌ಸೆಟ್‌ದೇ ಬ್ರಹ್ಮಾವರ, ಧಾರವಾಡ, ಚಿತ್ರದುರ್ಗ, ಮೈಸೂರು ಕಡೆಯೂ ಇದೆ. ಕರ್ನಾಟಕದ ಒಂದು ಸಣ್ಣ ಊರಲ್ಲಿ ಹುಟ್ಟಿದ ವ್ಯವಸ್ಥೆ ದೇಶಕ್ಕೆಲ್ಲ ಹಬ್ಬಿದೆ ಅನ್ನೋದು ನಮ್ಮೋರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ, ಅದು ನಂಗೆ ನಿಜವಾಗ್ಲೂ ಬೇಜಾರು.

ಕೋರ್ಸ್‌ಗಳು ಸಣ್ಣವು. ಹೈನುಗಾರಿಕೆ, ಅಣಬೆ ಬೇಸಾಯ ಥರದವು ಹತ್ತು ದಿನದ ಆಸುಪಾಸು, ಟೈಲರಿಂಗ್, ಮೊಬೈಲ್ ರಿಪೇರಿ, ಟೂವೀಲರ್ ಮೆಕ್ಯಾನಿಕ್, ಹೌಸ್ ವೈರಿಂಗ್ ಥರದವು ಒಂದು ತಿಂಗಳು. ನಂದು ಮೋಟಾರ್ ರಿವೈಂಡಿಂಗ್ ಮತ್ತು ಪಂಪ್‌ಸೆಟ್ ರಿಪೇರಿ, ಅದೂ ಒಂದು ತಿಂಗಳಿಂದು. ಒಂದು ತಿಂಗಳಲ್ಲಿ ಏನು ಬರುತ್ತೆ ಅಂತ ಎಲ್ರೂ ಕೇಳ್ತಾರೆ, ಸರಿಯಾದ ಪ್ರಶ್ನೆನೇ. ಸುಟ್ಟೋದ ಮೋಟಾರ್ ಬಿಚ್ಚಿ, ಹಳೇ ಕಾಯಿಲ್ ಕೀಳೋಕೆ ಮುಂಚೆ ಸ್ಲಾಟ್ ಎಷ್ಟು, ಸುತ್ತು ಎಷ್ಟು, ತಂತಿ ಯಾವ ಗೇಜು, ಕನೆಕ್ಷನ್ ಹೆಂಗಿದೆ ಅಂತ ಬರ್ಕೊಳೋದು, ಇನ್ಸುಲೇಶನ್ ಪೇಪರ್ ಹಾಕೋದು, ಸುತ್ತೋದು, ವಾರ್ನಿಶ್ ಕೊಟ್ಟು ಒಣಗಿಸೋದು, ಇನ್ಸುಲೇಶನ್ ಸರಿ ಇದ್ಯಾ ಅಂತ ಮೆಗ್ಗರ್ ಅನ್ನೋ ಮೀಟರ್ ಇಟ್ಟು ಚೆಕ್ ಮಾಡೋದು, ಇಷ್ಟೂ ಕೈಯಾರೆ ಮಾಡಿಸ್ತಾರೆ. ಕೈಗೆ ಕೆಲಸ ಪರಿಚಯ ಆಗುತ್ತೆ, ಆದ್ರೆ ಸ್ಪೀಡು ಬರಲ್ಲ. ಸ್ಪೀಡು ಬರೋದು ಅದಾದ್ಮೇಲೆ ಯಾರಾದ್ರೂ ಹಳೇ ಮೇಸ್ತ್ರಿ ಹತ್ರ ಕೂತ್ರೇನೇ. ನಾನು ಹಾಸನದಲ್ಲಿ ಒಬ್ರ ಹತ್ರ ಇದ್ದು ಬಂದೆ, ಸಬ್‌ಮರ್ಸಿಬಲ್ ಸುತ್ತೋದನ್ನ ಅಲ್ಲೇ ಗಟ್ಟಿ ಮಾಡ್ಕೊಂಡೆ. ಇದನ್ನ ಕೊರತೆ ಅಂತ ಹೇಳ್ತಿಲ್ಲ, ತಿಂಗಳ ಕೋರ್ಸಿಂದ ಎಷ್ಟು ನಿರೀಕ್ಷೆ ಮಾಡ್ಬೇಕೋ ಅಷ್ಟನ್ನೇ ಮಾಡಿ ಅಂತ ಅಷ್ಟೇ.

ಕಸುಬು ಬೇರೆ ಕಡೆನೂ ಕಲೀಬಹುದು, ಐಟಿಐ ಇದೆ, ಪಾಲಿಟೆಕ್ನಿಕ್ ಇದೆ. ಇಲ್ಲಿ ಬೇರೆ ಕಡೆ ಸಿಗದೇ ಇರೋದು ಅಂದ್ರೆ ಉದ್ಯಮಶೀಲತೆ ಅಂತ ಮಾಡೋ ಕ್ಲಾಸುಗಳು. ದಿನಾ ಬೆಳಿಗ್ಗೆ ಹಿಂದಿನ ದಿನ ಕಲ್ತಿದ್ರಲ್ಲಿ ಮುಖ್ಯವಾದ ಒಂದು ವಿಷಯ ಎದ್ದು ನಿಂತು ಎಲ್ಲರ ಮುಂದೆ ಹೇಳ್ಬೇಕು, ಮಿಲ್ಲಿ ಅಂತಾರೆ ಅದಕ್ಕೆ. ನಮ್ಮ ಬ್ಯಾಚಲ್ಲಿ ಮೊದಲ ದಿನ ಹೆಸರು ಹೇಳೋಕೂ ತಡವರಿಸ್ತಿದ್ದ ಹುಡುಗ್ರು ಕೊನೆ ಕೊನೆಗೆ ಮೈಕ್ ಬಿಡ್ತಿರ್ಲಿಲ್ಲ. ಗಿರಾಕಿ ಹತ್ರ ರೇಟ್ ಮಾತಾಡೋಕೆ, ಬ್ಯಾಂಕ್ ಮ್ಯಾನೇಜರ್ ಮುಂದೆ ಕೂತು ಉತ್ತರ ಕೊಡೋಕೆ ಈ ಬಾಯಿ ಬೇಕೇ ಬೇಕು, ಯಾವ ಡಿಗ್ರಿ ಕಾಲೇಜಲ್ಲೂ ನಂಗೆ ಗೊತ್ತಿರೋ ಮಟ್ಟಿಗೆ ಇಷ್ಟು ಹಠ ಹಿಡ್ದು ಇದನ್ನ ಮಾಡ್ಸಲ್ಲ.

ಆಮೇಲೆ ಆಟಗಳು. ಕಣ್ಣಿಗೆ ಬಟ್ಟೆ ಕಟ್ಟಿ ಮರದ ಬ್ಲಾಕ್ ಒಂದರ ಮೇಲೊಂದು ಜೋಡ್ಸೋದು, ಎಷ್ಟು ಜೋಡಿಸ್ತೀಯ ಅಂತ ಮೊದ್ಲೇ ಹೇಳ್ಬೇಕು. ಇನ್ನೊಂದು ರಿಂಗ್ ಎಸೆಯೋದು, ಎಷ್ಟು ದೂರ ನಿಂತು ಎಸೀಬೇಕು ಅನ್ನೋದು ನಮ್ಮಿಷ್ಟ, ದೂರ ಹೋದಷ್ಟೂ ಪಾಯಿಂಟ್ ಜಾಸ್ತಿ. ತೀರಾ ಹತ್ರ ನಿಂತೋರಿಗೆ ಪಾಯಿಂಟ್ ಸಿಗಲ್ಲ, ಜಂಬಕ್ಕೆ ಗೋಡೆ ಹತ್ರ ಹೋಗಿ ನಿಂತೋರಿಗೆ ಒಂದೂ ಬೀಳಲ್ಲ. ತನ್ನ ಕೈಲಿ ಆಗೋದಕ್ಕಿಂತ ಒಂಚೂರು ಮುಂದೆ ನಿಂತು, ಪ್ರತಿ ಸಲ ತಪ್ಪಿದ್ದೆಲ್ಲಿ ಅಂತ ನೋಡಿ ತಿದ್ಕೊಳೋನು ಗೆಲ್ತಾನೆ. ಈ ಆಟದ ಹಿಂದೆ ದೊಡ್ಡ ಕತೆನೇ ಇದೆ, ಡೇವಿಡ್ ಮೆಕ್‌ಕ್ಲೆಲ್ಯಾಂಡ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ, ಸಾಧನೆ ಮಾಡೋ ಛಲ ಅನ್ನೋದನ್ನ ಕಲಿಸಬಹುದಾ ಅಂತ 1960ರ ದಶಕದಲ್ಲಿ ಆಂಧ್ರದ ಕಾಕಿನಾಡದ ಸಣ್ಣ ವ್ಯಾಪಾರಿಗಳಿಗೆ ತರಬೇತಿ ಕೊಟ್ಟು ನೋಡಿದ್ರು. ಅಲ್ಲಿಂದ ಬಂದ ಪದ್ಧತಿ ಇದು. ನನಗೆ ಇವತ್ತೂ ಸ್ಟಾಕ್ ತರೋವಾಗ ಆ ರಿಂಗೇ ನೆನಪಾಗುತ್ತೆ. ಕಾಪರ್ ರೇಟು ಏರ್ತಾ ಇದೆ ಅಂತ ಸಾಲ ಮಾಡಿ ರಾಶಿ ತಂತಿ ತಂದು ಹಾಕ್ಕೊಂಡೋರನ್ನೂ ನೋಡಿದೀನಿ, ಒಂದು ಕೆಜಿ ಜಾಸ್ತಿ ಇಟ್ಕೊಳ್ಳದೆ ಸೀಸನ್‌ನಲ್ಲಿ ಗಿರಾಕಿ ಕಳ್ಕೊಂಡೋರನ್ನೂ ನೋಡಿದೀನಿ.

ಸೀಸನ್ ಅಂದ್ರೆ ನಮ್ಮಲ್ಲಿ ಕಾಫಿ ಹೂವಿನ ಟೈಮು. ಫೆಬ್ರವರಿ ಮಾರ್ಚಲ್ಲಿ ಮಳೆ ಬರ್ಲಿಲ್ಲ ಅಂದ್ರೆ ಸ್ಪ್ರಿಂಕ್ಲರ್ ಹಾಕ್ಲೇಬೇಕು, ಮೊದಲ ನೀರು ಕೊಟ್ಟು ಹೂವಾದ್ಮೇಲೆ ಎರಡನೇದು ತಡ ಆದ್ರೆ ಕಾಯಿ ಕಚ್ಚಲ್ಲ. ಆ ಹೊತ್ತಲ್ಲೇ ವೋಲ್ಟೇಜ್ ಬೀಳುತ್ತೆ, ಇಲ್ಲಾ ಒಂದು ಫೇಸ್ ಹೋಗುತ್ತೆ, ಮೋಟಾರ್ ಸುಡುತ್ತೆ. ಆಗ ತೋಟದೋರಿಗೆ ರೇಟ್ ಎಷ್ಟು ಅನ್ನೋದಕ್ಕಿಂತ ನಾಳೆ ಬೆಳಿಗ್ಗೆ ಸಿಗುತ್ತಾ ಅನ್ನೋದೇ ಮುಖ್ಯ. ತರಬೇತೀಲಿ ಮಾರ್ಕೆಟ್ ಸರ್ವೆ ಅಂತ ಹೊರಗೆ ಕಳಿಸ್ತಾರೆ, ಅಂಗಡಿ ಅಂಗಡಿಗೆ ಹೋಗಿ ಯಾರಿಗೆ ಏನು ಬೇಕು, ಯಾವ ತಿಂಗಳು ಬೇಕು, ದುಡ್ಡು ಯಾವಾಗ ಕೊಡ್ತಾರೆ ಅಂತ ವಿಚಾರಿಸ್ಕೊಂಡು ಬರ್ಬೇಕು. ಆ ಅಭ್ಯಾಸ ಇಟ್ಕೊಂಡು ಊರಿಗೆ ಬಂದು ವಿಚಾರ್ಸಿದಾಗ್ಲೇ ನಂಗೆ ಸ್ಪಷ್ಟ ಆಗಿದ್ದು, ನಮ್ಮ ಕಡೆ ಎಷ್ಟೋ ಜನ ವರ್ಷಕ್ಕೊಂದ್ಸಲ ಕಾಫಿ ಮಾರಿದ್ಮೇಲೆ ಬಾಕಿ ತೀರ್ಸೋದು, ಅಲ್ಲಿ ತನಕ ತಂತಿ ವಾರ್ನಿಶ್ ದುಡ್ಡು ನಾನೇ ಹೊರಬೇಕು ಅಂತ. ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ವರ್ಕಿಂಗ್ ಕ್ಯಾಪಿಟಲ್ ಅಂತ ಬರೆಯೋ ಕಾಲಮ್ಮು ಅಂದ್ರೆ ಇದೇ. ಅಂಗಡಿ ಮುಚ್ಚೋರಲ್ಲಿ ಕೆಲಸ ಬರದೆ ಮುಚ್ಚಿದೋರು ಕಮ್ಮಿ, ಉದ್ರಿ ಸಿಕ್ಕಾಕ್ಕೊಂಡು ಮುಚ್ಚಿದೋರೇ ಜಾಸ್ತಿ.

ಈಗ ನಾನು ಇಷ್ಟೆಲ್ಲ ಬರೀತಿರೋದಕ್ಕೆ ಮುಖ್ಯ ಕಾರಣ. ಸರ್ಟಿಫಿಕೇಟ್ ಕೊಟ್ಟ ದಿನಕ್ಕೆ ಇವರ ಕೆಲಸ ಮುಗಿಯಲ್ಲ, ಎರಡು ವರ್ಷ ಫಾಲೋಅಪ್ ಇರುತ್ತೆ. ಅಂಗಡಿ ಹಾಕ್ದ್ಯಾ, ಸಾಲಕ್ಕೆ ಅರ್ಜಿ ಏನಾಯ್ತು, ವ್ಯಾಪಾರ ಹೆಂಗಿದೆ ಅಂತ ಕೇಳ್ತಾನೇ ಇರ್ತಾರೆ. ನನ್ನ ಸಾಲದ ಅರ್ಜಿ ಒಂದು ಬ್ಯಾಂಕಲ್ಲಿ ಇವತ್ತು ಬಾ ನಾಳೆ ಬಾ ಅಂತ ಅಲೆದಾಡಿಸ್ತಿದ್ರು, ಬಿಟ್ಬಿಡೋಣ ಅನ್ಸಿತ್ತು. ಆಗ ಸಂಸ್ಥೆಯವರು ಆ ಶಾಖೆಗೆ ಮಾತಾಡಿ, ರಿಪೋರ್ಟ್‌ನಲ್ಲಿ ಬ್ಯಾಂಕಿನೋರು ಕೇಳಿದ್ದ ವಿವರ ಹೆಂಗೆ ಕೊಡ್ಬೇಕು ಅಂತ ಕೂರ್ಸಿ ಹೇಳ್ಕೊಟ್ರು, ಸಾಲ ಆಯ್ತು. ಒಂದು ತಿಂಗಳು ಕಲ್ಸಿದ್ದಕ್ಕಿಂತ ಆ ಒಂದು ಫೋನ್ ಕಾಲ್ ನನ್ನ ಪಾಲಿಗೆ ದೊಡ್ಡದು. ಅದಕ್ಕೇ ಯಾರೇ ಕೋರ್ಸ್ ಬಗ್ಗೆ ಕೇಳಿದ್ರೂ, ಅದು ಬಿಬಿಎ ಇರ್ಲಿ ಎಂಬಿಎ ಇರ್ಲಿ ಆನ್‌ಲೈನ್ ಇರ್ಲಿ, ನಾನು ಹೇಳೋದು ಒಂದೇ, ಕೋರ್ಸ್ ಮುಗಿದು ಆರು ತಿಂಗಳಾದ್ಮೇಲೆ ನಿಮ್ಮ ಫೋನ್ ಅಲ್ಲಿ ಯಾರು ಎತ್ತಾರೆ ಅಂತ ಕೇಳಿ ನೋಡಿ. ನಮ್ಮ ಸಂಬಂಧಿಕರ ಹುಡುಗ ಒಬ್ಬ ಆನ್‌ಲೈನಲ್ಲಿ ಉದ್ಯಮಿ ಆಗೋ ಕೋಚಿಂಗ್ ಅಂತ ದುಡ್ಡು ಕಟ್ಟಿದ, ಮೊದಲ ವಾರ ದಿನಾ ಫೋನು, ದುಡ್ಡು ಪೂರ್ತಿ ಕಟ್ಟಿದ್ಮೇಲೆ ಅದೇ ನಂಬರ್ ಸ್ವಿಚ್ ಆಫ್. ಅವರಪ್ಪ ಅಡಿಕೆ ಮಾರಿ ಕೊಟ್ಟಿದ್ದ ದುಡ್ಡದು.

ಸಾಲ ಸಬ್ಸಿಡಿ ಬಗ್ಗೆ ಒಂದು ವಿಷಯ ಸರಿಯಾಗಿ ತಿಳ್ಕೊಂಡು ಹೋಗಿ. ಪಿಎಂಇಜಿಪಿ ಅಂತ ಕೇಂದ್ರ ಸರ್ಕಾರದ ಸ್ಕೀಮ್ ಇದೆ, ಹೊಸದಾಗಿ ಶುರು ಮಾಡೋರಿಗೆ ತಯಾರಿಕೆ ಆದ್ರೆ 50 ಲಕ್ಷದ ತನಕ, ಸೇವೆ ಆದ್ರೆ 20 ಲಕ್ಷದ ತನಕ ಪ್ರಾಜೆಕ್ಟ್. ಹಳ್ಳಿಯಲ್ಲಿ ಸಾಮಾನ್ಯ ವರ್ಗದೋರಿಗೆ ಶೇ 25, ಎಸ್‌ಸಿ, ಎಸ್‌ಟಿ, ಓಬಿಸಿ, ಮಹಿಳೆಯರು ಇಂಥೋರಿಗೆ ಶೇ 35 ಸಬ್ಸಿಡಿ, ಪೇಟೆಯಲ್ಲಾದ್ರೆ ಇದಕ್ಕಿಂತ ಕಮ್ಮಿ. ಸ್ವಂತ ದುಡ್ಡು ಶೇ 10 ಅಥವಾ 5 ಹಾಕ್ಬೇಕು. ಆದ್ರೆ ಸಬ್ಸಿಡಿ ಅಂದ್ರೆ ಕೈಗೆ ಕ್ಯಾಶ್ ಬರುತ್ತೆ ಅನ್ಕೋಬೇಡಿ, ಅದು ಮೂರು ವರ್ಷ ಬ್ಯಾಂಕಲ್ಲೇ ಡೆಪಾಸಿಟ್ ಆಗಿ ಕೂತಿರುತ್ತೆ, ಘಟಕ ನಡೀತಿದೆ ಅಂತ ನೋಡಿದ್ಮೇಲೆ ಸಾಲಕ್ಕೆ ಜಮಾ ಆಗೋದು. ಈ ಸ್ಕೀಮಿಗೆ ಸಣ್ಣ ಪ್ರಾಜೆಕ್ಟ್ ಬಿಟ್ರೆ ಇಡಿಪಿ ಅನ್ನೋ ಉದ್ಯಮಶೀಲತೆ ತರಬೇತಿ ಕಡ್ಡಾಯ, ಅದಕ್ಕೆ ಆರ್‌ಸೆಟಿಗೆ ಬರೋರೂ ಇದಾರೆ. ಬರೀ ಸಬ್ಸಿಡಿಗೋಸ್ಕರ ಬಂದೋರು ಯಾರು ಅಂತ ಕ್ಲಾಸಲ್ಲಿ ಎರಡೇ ದಿನಕ್ಕೆ ಗೊತ್ತಾಗ್ಬಿಡುತ್ತೆ, ದಯವಿಟ್ಟು ಹಂಗೆ ಹೋಗಿ ಒಬ್ರ ಸೀಟು ಹಾಳು ಮಾಡ್ಬೇಡಿ.

ಇನ್ನು ತರಬೇತಿ ಪಡೆದೋರಲ್ಲಿ ಇಷ್ಟು ಜನ ಸೆಟ್ಲ್ ಆದ್ರು ಅಂತ ಆರ್‌ಸೆಟಿಗಳು ಲೆಕ್ಕ ಕೊಡ್ತಾವೆ. ಅದರಲ್ಲಿ ಬೇರೆಯವರ ಹತ್ರ ಸಂಬಳಕ್ಕೆ ಸೇರಿದೋರೂ ಸೇರ್ತಾರೆ, ಎಲ್ರೂ ಅಂಗಡಿ ಹಾಕಿದೋರಲ್ಲ. ನಂಗೆ ಅದು ತಪ್ಪು ಅನ್ಸಲ್ಲ, ಸ್ವಲ್ಪ ವರ್ಷ ಸಂಬಳಕ್ಕಿದ್ದು ಆಮೇಲೆ ಸ್ವಂತ ಮಾಡೋದೂ ದಾರಿನೇ. ಆದ್ರೆ ನಿಮ್ಮ ಜಿಲ್ಲೆಯದ್ದಕ್ಕೆ ಸೇರೋ ಮುಂಚೆ ಅಲ್ಲಿ ಕಲ್ತು ಅಂಗಡಿ ಹಾಕಿರೋರ ಹತ್ರ ಹೋಗಿ ಮಾತಾಡಿ, ಉಜಿರೆ ಬಗ್ಗೆ ನಾನು ಹೇಳಿದ್ದು ಎಲ್ಲ ಜಿಲ್ಲೆಗೂ ಹಂಗೇ ಒಪ್ಪುತ್ತೆ ಅಂತಿಲ್ಲ, ಕಲ್ಸೋರು ಯಾರು ಅನ್ನೋದ್ರ ಮೇಲಿರುತ್ತೆ.

ಹಾಗಾದ್ರೆ ಡಿಗ್ರಿ ಬೇಡ್ವಾ? ಬೇಕಾದೋರಿಗೆ ಬೇಕು. ಆಪ್, ಸಾಫ್ಟ್‌ವೇರ್, ಹತ್ತಾರು ಜನ ಇಟ್ಕೊಂಡು ಇನ್ವೆಸ್ಟರ್ ದುಡ್ಡು ತಂದು ಮಾಡೋ ಕಂಪನಿ ಆಸೆ ಇದ್ರೆ ರುಡ್‌ಸೆಟ್ ಅದಕ್ಕೆ ಅಲ್ಲ. ಅವರಿಗೆ ಇಂಜಿನಿಯರಿಂಗು, ಜೊತೆಗೆ ಬೆಂಗಳೂರಿನ ಸಂಪರ್ಕ ಬೇಕು. ಐಐಎಂ ಬೆಂಗಳೂರಲ್ಲಿ ಎನ್‌ಎಸ್‌ಆರ್‌ಸಿಇಎಲ್ ಅಂತ ಇನ್‌ಕ್ಯುಬೇಟರ್, ಅಂದ್ರೆ ಹೊಸ ಕಂಪನಿ ಬೆಳೆಸೋಕೆ ನೆರವು ಕೊಡೋ ಕೇಂದ್ರ, ಇದೆ, ಹೊಸ ಐಡಿಯಾ ಇರೋ ಸ್ಟಾರ್ಟಪ್‌ಗೆ ರಾಜ್ಯ ಸರ್ಕಾರದ ಎಲಿವೇಟ್ ಸ್ಕೀಮಲ್ಲಿ 50 ಲಕ್ಷದ ತನಕ ಅನುದಾನ ಸಿಗುತ್ತೆ. ಐಐಎಂ ಬೆಂಗಳೂರೇ 2024ರಲ್ಲಿ ಡಿಜಿಟಲ್ ಬಿಸಿನೆಸ್ ಮತ್ತು ಆಂತ್ರಪ್ರೆನರ್‌ಶಿಪ್ ಅಂತ ಪೂರ್ತಿ ಆನ್‌ಲೈನ್ ಬಿಬಿಎ ಶುರು ಮಾಡಿದೆ, ಮನೇಲೇ ಕೂತು ಓದ್ಬಹುದು. ಅಹಮದಾಬಾದಲ್ಲಿ ಉದ್ಯಮಶೀಲತೆಗೇ ಅಂತ ಇಡಿಐಐ ಅನ್ನೋ ಸಂಸ್ಥೆ 1983ರಿಂದ ಇದೆ. ನನ್ನ ತಕರಾರು ಇರೋದು ಹೆಸರಿಗೆ ಮಾತ್ರ ಆಂತ್ರಪ್ರೆನರ್‌ಶಿಪ್ ಅಂತ ಬೋರ್ಡ್ ಹಾಕಿ, ಮೂರು ವರ್ಷದಲ್ಲಿ ಒಂದೇ ಒಂದು ಬಿಲ್ ಬರ್ಸದೆ, ಒಬ್ಬ ಗಿರಾಕಿ ಮುಖ ತೋರಿಸ್ದೆ ಕಳ್ಸೋ ಕೋರ್ಸ್‌ಗಳ ಮೇಲೆ. ಆ ಲಕ್ಷಗಳು ಅಪ್ಪ ಅಮ್ಮ ಬೆವರು ಸುರ್ಸಿದ್ದು, ಅದೇ ದುಡ್ಡು ಹುಡುಗನ ಬಂಡವಾಳ ಆಗ್ಬಹುದಿತ್ತು.

ಊರಲ್ಲೇ ಇದ್ದು ಕಸುಬಿನ ಮೇಲೆ ಬಿಸಿನೆಸ್ ಕಟ್ಟೋ ಆಸೆ ಇರೋರಿಗೆ ನಾನು ಹೇಳೋ ದಾರಿ ಇದು. ಸಾಧ್ಯ ಆದ್ರೆ ಐಟಿಐ ಅಥವಾ ಸರ್ಕಾರಿ ಪಾಲಿಟೆಕ್ನಿಕ್ ಮುಗ್ಸಿ, ಫೀಸು ಕಮ್ಮಿ. ಆಮೇಲೆ ರುಡ್‌ಸೆಟ್ಟೋ ನಿಮ್ಮ ಜಿಲ್ಲೆ ಆರ್‌ಸೆಟಿನೋ ಮಾಡಿ, ಆಮೇಲೆ ಒಂದಷ್ಟು ಕಾಲ ಮೇಸ್ತ್ರಿ ಹತ್ರ ಕೆಲಸ. ಡಿಗ್ರಿ ಬೇಕೇ ಬೇಕು ಅಂತ ಮನೇಲಿ ಹಠ ಇದ್ರೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಅಂಗಡಿ ನಡೆಸ್ತಾನೇ ಬಿಕಾಂ ಕಟ್ಟಿ, ಅಕೌಂಟ್ಸ್ ಓದಿದ್ದು ಅವತ್ತವತ್ತೇ ಉಪಯೋಗಕ್ಕೆ ಬರುತ್ತೆ. ಉಪ್ಪಿನಕಾಯಿ, ಮಸಾಲೆ, ಬೇಕರಿ ಥರ ಆಹಾರದ ಕಡೆ ಹೋಗೋರು ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ) ಸಣ್ಣ ಕೋರ್ಸ್‌ಗಳನ್ನ ನೋಡಿ, ಫೀಸ್ ಇದೆ, ಆದ್ರೆ ವಿಷಯ ಅಲ್ಲಿಯಷ್ಟು ಗಟ್ಟಿಯಾಗಿ ಬೇರೆಲ್ಲೂ ಸಿಗಲ್ಲ. ಹೆಣ್ಮಕ್ಕಳನ್ನ ಹಾಸ್ಟೆಲಲ್ಲಿ ಬಿಡೋಕೆ ಹೆದರ್ಬೇಡಿ, ಟೈಲರಿಂಗ್, ಬ್ಯೂಟಿ ಪಾರ್ಲರ್‌ಗೆ ಬಂದೋರು ತುಂಬಾ ಜನ ಇರ್ತಾರೆ, ಎಷ್ಟೋ ಜನಕ್ಕೆ ಮನೆ ಬಿಟ್ಟು ಹೊರಗಿದ್ದು ಕಲಿಯೋ ಮೊದಲ ಅವಕಾಶ ಅದೇ.

ಸೇರೋದು ಕಷ್ಟ ಏನಿಲ್ಲ. ನಾನು ಹೋದಾಗ ವಯಸ್ಸು 18ರಿಂದ 45 ಅಂತ ಇತ್ತು, ಬಿಪಿಎಲ್ ಕಾರ್ಡಿನ ಗ್ರಾಮೀಣರಿಗೆ ಆದ್ಯತೆ. ಮೊದ್ಲು ಫೋನ್ ಮಾಡಿ ನಿಮಗೆ ಬೇಕಾದ ಕೋರ್ಸಿನ ಬ್ಯಾಚ್ ಯಾವಾಗ ಅಂತ ಕೇಳಿ, ಎಲ್ಲ ಕೋರ್ಸೂ ಎಲ್ಲ ತಿಂಗಳೂ ಇರಲ್ಲ. ಇಂಟರ್ವ್ಯೂ ಮಾಡ್ತಾರೆ, ಅದರಲ್ಲಿ ಮಾರ್ಕ್ಸ್ ಕೇಳೋದಕ್ಕಿಂತ ನೀನು ಈ ಕೆಲಸ ನಿಜವಾಗ್ಲೂ ಮಾಡ್ತೀಯಾ ಅಂತನೇ ನೋಡೋದು. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸು, ಫೋಟೋ ಇಟ್ಕೊಂಡು ಹೋಗಿ. ಚಾರ್ಮಾಡಿ ಮೇಲಿಂದ ಬರೋರು ಮಳೆಗಾಲದ ಬ್ಯಾಚ್‌ಗೆ ಹೊರಡೋದಾದ್ರೆ ಘಾಟಿ ಓಪನ್ ಇದ್ಯಾ ಅಂತ ಹಿಂದಿನ ದಿನನೇ ವಿಚಾರ್ಸಿ.